ಬ್ಯಾಂಜೊ ವಾದ್ಯದ ಶ್ರುತಿಕ್ರಮಗಳು

ತಂತೀವಾದ್ಯವೊಂದು ಬಳಕೆಯಿಂದ ಮರೆಯಾದ ಮೇಲೆ ಅದರ ದಂಡಿ, ಬುರುಡೆ, ಬಿರಡೆಗಳು ವಸ್ತುಸಂಗ್ರಹಾಲಯವನ್ನು ಸೇರಿ ಶತಮಾನಗಳವರೆಗೆ ಉಳಿಯಬಹುದು. ಆದರೆ ವಾದಕನು ಅದರ ತಂತಿಗಳನ್ನು ಯಾವ ಯಾವ ಸ್ವರಗಳಿಗೆ ಕೂಡಿಸುತ್ತಿದ್ದನೆಂಬ ಸಂಗತಿಯು ಮರದಲ್ಲಿಯೂ ಉಳಿಯದು, ತೊಗಲಿನಲ್ಲಿಯೂ ಉಳಿಯದು. ಬಿರಡೆ ಸಡಿಲಿದೊಡನೆ ಅದು ಮಾಯವಾಗುತ್ತದೆ. ವಾದಕನ ಕಿವಿಯಲ್ಲಿ, ಅವನಿಂದ ಕಲಿತವನ ಕಿವಿಯಲ್ಲಿ ಮಾತ್ರ ಅದಕ್ಕೆ ವಾಸ. ಅಮೆರಿಕ ದೇಶದ ಐದು ತಂತಿಯ ಬ್ಯಾಂಜೊವಿನ ಚರಿತ್ರೆಯನ್ನು ಪರಿಶೀಲಿಸಿದರೆ ಈ ಮಾತಿನ ನಿಜವು ಚೆನ್ನಾಗಿ ವ್ಯಕ್ತವಾಗುವುದು. ಅಚ್ಚಾದ ಪಾಠಪುಸ್ತಕಗಳು ಈ ವಾದ್ಯಕ್ಕೆ ಒಂದೆರಡು ಶ್ರುತಿಗಳನ್ನು ಮಾತ್ರ ವಿಧಿಸಿದವು. ಅದೇ ಕಾಲದಲ್ಲಿ ಆ ದೇಶದ ದಕ್ಷಿಣಭಾಗದ ಬೆಟ್ಟಸೀಮೆಯ ಕೃಷಿಕರೂ ಗಣಿಕೆಲಸಗಾರರೂ ಅದನ್ನು ಹತ್ತಾರು ಬಗೆಯಾಗಿ ಕೂಡಿಸಿ ನುಡಿಸುತ್ತಿದ್ದರು. ಈ ಬಹುತ್ವವು ಎಲ್ಲಿಂದ ಬಂದಿತು, ಹೇಗೆ ಉಳಿಯಿತು, ಎಷ್ಟರಮಟ್ಟಿಗೆ ಅಳಿಯಿತು ಎಂಬುದು ಸಂಗೀತದ ಪ್ರಶ್ನೆಯಾಗಿರುವಷ್ಟೇ ಜನಜೀವನದ ಪ್ರಶ್ನೆಯೂ ಆಗಿದೆ.

ಮೊದಲಿಗೆ ಒಂದು ಭ್ರಾಂತಿಯನ್ನು ನಿವಾರಿಸುವುದು ಅವಶ್ಯಕ. ಕನ್ನಡನಾಡಿನಲ್ಲಿ ಬ್ಯಾಂಜೊ ಎಂದೊಡನೆ ಅನೇಕರ ಕಣ್ಣಮುಂದೆ ನಿಲ್ಲುವುದು ಉದ್ದವಾದ ಪೆಟ್ಟಿಗೆಯ ಮೇಲೆ ಗುಂಡಿಗಳನ್ನು ಒತ್ತಿ ನುಡಿಸುವ ಬುಲ್‌ಬುಲ್ ತರಂಗ್. ಅದು 1912ರಲ್ಲಿ ಜಪಾನಿನ ನಗೋಯ ಪಟ್ಟಣದಲ್ಲಿ ಹುಟ್ಟಿದ ತೈಶೊಗೊತೊ ಎಂಬ ವಾದ್ಯದ ಸಂತಾನ. ಹೆಸರೊಂದನ್ನು ಬಿಟ್ಟರೆ ಅಮೆರಿಕದ ಬ್ಯಾಂಜೊವಿಗೂ ಅದಕ್ಕೂ ಸಂಬಂಧವಿಲ್ಲ. ಇಲ್ಲಿ ಪ್ರಸ್ತುತವಾದ ವಾದ್ಯದ ರಚನೆಯೇ ಬೇರೆ. ತಮಟೆಯಂತೆ ತೊಗಲು ಬಿಗಿದ ದುಂಡನೆಯ ಬಳೆ, ಅದಕ್ಕೆ ಸೇರಿದ ಉದ್ದವಾದ ದಂಡಿ, ತೊಗಲಿನ ಮೇಲೆ ನಿಂತ ಸಣ್ಣ ಕುದುರೆ, ಅದರ ಮೇಲೆ ಹಾಯ್ದ ಐದು ತಂತಿಗಳು. ಇವುಗಳಲ್ಲಿ ನಾಲ್ಕು ತಂತಿಗಳು ದಂಡಿಯ ತುದಿಯವರೆಗೂ ಹೋಗುತ್ತವೆ. ಐದನೆಯದು ಮಾತ್ರ ಗಿಡ್ಡ. ಅದರ ಬಿರಡೆಯು ದಂಡಿಯ ನಡುವೆ, ಪಕ್ಕದಲ್ಲಿ ಕುಳಿತಿರುತ್ತದೆ. ವಾದಕನಿಗೆ ಎಲ್ಲಕ್ಕಿಂತ ಮೇಲಿರುವ ಈ ತಂತಿಯ ಸ್ವರವು ಉಳಿದೆಲ್ಲ ತಂತಿಗಳಿಗಿಂತ ಎತ್ತರದ್ದು. ಹೆಬ್ಬೆರಳು ಮತ್ತೆ ಮತ್ತೆ ಇದನ್ನೇ ಮೀಟುವುದರಿಂದ ಹಾಡಿನುದ್ದಕ್ಕೂ ಒಂದೇ ಸ್ವರವು ಮಿಡಿಯುತ್ತಿರುತ್ತದೆ. ವೀಣೆಯ ಪಕ್ಕದಲ್ಲಿರುವ ತಾಳದ ತಂತಿಗಳನ್ನು ಬಲ್ಲವರಿಗೆ ಇದರ ಉಪಯೋಗವನ್ನು ವಿವರಿಸಬೇಕಾದುದಿಲ್ಲ. ಬೆರಳಿನಿಂದ ಒತ್ತದೆ ನುಡಿಸುವ ಈ ತಂತಿಯು ಹಾಡಿನ ಷಡ್ಜಕ್ಕೋ ಪಂಚಮಕ್ಕೋ ಹೊಂದಿಕೊಂಡಿರಲೇಬೇಕಾಗುತ್ತದೆ. ಹಾಡಿನ ಆಧಾರಸ್ವರ ಬದಲಾದರೆ ತಂತಿಯ ಶ್ರುತಿಯೂ ಬದಲಾಗಬೇಕು. ಬ್ಯಾಂಜೊವಿನ ಶ್ರುತಿಕ್ರಮಗಳು ಹಲವಾಗಿರುವುದಕ್ಕೆ ಮೊದಲ ಕಾರಣ ಇದೇ ಆಗಿದೆ.

ಈ ಗಿಡ್ಡ ತಂತಿಯ ಮೂಲವು ಪಶ್ಚಿಮ ಆಫ್ರಿಕದಲ್ಲಿದೆ. ಸೆನೆಗಲ್ ಮತ್ತು ಗ್ಯಾಂಬಿಯ ಪ್ರದೇಶದ ಜೋಲ ಜನರಲ್ಲಿ ಅಕೊಂಟಿಂಗ್ ಎಂಬ ವಾದ್ಯವು ಇಂದಿಗೂ ಬಳಕೆಯಲ್ಲಿದೆ. ಸೋರೆಬುರುಡೆಯ ಒಡಲು, ಅದರ ಮೇಲೆ ತೊಗಲು, ದುಂಡುಕೋಲಿನ ದಂಡಿ, ಮೂರು ತಂತಿಗಳು; ಅವುಗಳಲ್ಲಿ ಒಂದು ಗಿಡ್ಡವಾಗಿದ್ದು ಹೆಬ್ಬೆರಳಿಗೆ ಮೀಸಲು. ತೋರುಬೆರಳಿನ ಉಗುರಿನಿಂದ ತಂತಿಯನ್ನು ಕೆಳಮುಖವಾಗಿ ಹೊಡೆದು, ಆ ಬಳಿಕ ಹೆಬ್ಬೆರಳಿನಿಂದ ಗಿಡ್ಡ ತಂತಿಯನ್ನು ಮೀಟುವ ಅದರ ಕ್ರಮವು ಅಮೆರಿಕದ ಬೆಟ್ಟಸೀಮೆಯ ಹಳೆಯ ಬ್ಯಾಂಜೊವಾದನಕ್ಕೆ ಬಹಳ ಹತ್ತಿರವಾಗಿದೆ. ಗ್ಯಾಂಬಿಯ ದೇಶದ ಡ್ಯಾನಿಯೆಲ್ ಜಟ್ಟ ಎಂಬ ವಿದ್ವಾಂಸನು ತನ್ನ ತಂದೆಯು ನುಡಿಸುತ್ತಿದ್ದ ಈ ವಾದ್ಯವನ್ನು ಕುರಿತು ವರ್ಷಗಳ ಕಾಲ ಶೋಧನೆ ನಡೆಸಿ, 2000ದಲ್ಲಿ ಅದನ್ನು ಅಮೆರಿಕದ ಬ್ಯಾಂಜೊ ಸಂಗ್ರಾಹಕರ ಮುಂದಿಟ್ಟನು. ಇದೊಂದೇ ವಾದ್ಯವು ಬ್ಯಾಂಜೊವಿನ ತಾಯಿಯೆಂದು ಹೇಳುವುದು ಸರಿಯಾಗದು. ಆ ಭೂಭಾಗದಲ್ಲಿ ಇಂಥ ವಾದ್ಯಗಳು ಅನೇಕವಾಗಿವೆ. ಆದರೆ ಬಂಧುತ್ವದಲ್ಲಿ ಸಂದೇಹವಿಲ್ಲ.

ಸಾಗರವನ್ನು ದಾಟಿಬಂದ ದಾಸರ ಕೈಯಲ್ಲಿ ವಾದ್ಯವಿರಲಿಲ್ಲ; ಅದನ್ನು ಕಟ್ಟುವ ಬಗೆಯೂ ಶ್ರುತಿಗೂಡಿಸುವ ಬಗೆಯೂ ಅವರ ನೆನಪಿನಲ್ಲಿದ್ದವು. 1687ರಿಂದ 1689ರವರೆಗೆ ಜಮೈಕದಲ್ಲಿದ್ದ ವೈದ್ಯ ಹ್ಯಾನ್ಸ್ ಸ್ಲೋನನು 1707ರಲ್ಲಿ ಪ್ರಕಟಿಸಿದ ತನ್ನ ಪ್ರವಾಸಗ್ರಂಥದಲ್ಲಿ, ಅಲ್ಲಿನ ದಾಸರು ಸೋರೆಬುರುಡೆಗಳಿಂದ ಮಾಡಿಕೊಂಡ ತಂತೀವಾದ್ಯಗಳ ಚಿತ್ರವನ್ನು ಕೊಟ್ಟಿದ್ದಾನೆ. ದಕ್ಷಿಣ ಕೆರೊಲಿನದಲ್ಲಿ 1739ರ ಸ್ಟೋನೊ ದಂಗೆಯ ತರುವಾಯ, 1740ರ ಶಾಸನವು ದಾಸರು ನಗಾರಿ, ಕೊಂಬು ಮುಂತಾದ ದೊಡ್ಡ ದನಿಯ ವಾದ್ಯಗಳನ್ನು ಬಾರಿಸದಂತೆ ನಿಷೇಧಿಸಿತು. ಅದೇ ಪ್ರಾಂತದಲ್ಲಿ ಸುಮಾರು 1785ರಿಂದ 1790ರೊಳಗೆ ಜಾನ್ ರೋಸ್ ಎಂಬಾತನು ಬರೆದನೆನ್ನಲಾದ ಬಣ್ಣದ ಚಿತ್ರವೊಂದಿದೆ. ಅದರಲ್ಲಿ ದಾಸರ ಕೇರಿಯ ಕುಣಿತಕ್ಕೆ ಬುರುಡೆಯ ಬ್ಯಾಂಜೊ ನುಡಿಯುತ್ತಿದೆ. ಅದಕ್ಕೆ ನಾಲ್ಕು ತಂತಿಗಳು, ಒಂದು ಗಿಡ್ಡ. ಹೇಯ್ಟಿ ದ್ವೀಪದಿಂದ 1840–41ರಲ್ಲಿ ವಿಕ್ಟರ್ ಶೋಲ್ಶೆರನು ಫ್ರಾನ್ಸಿಗೆ ಒಯ್ದ ‘ಬಾನ್ಜ’ ವಾದ್ಯವು ಪ್ಯಾರಿಸಿನ ಸಂಗೀತ ವಸ್ತುಸಂಗ್ರಹಾಲಯದಲ್ಲಿದ್ದು, ಅದಕ್ಕೂ ಇದೇ ನಾಲ್ಕು ತಂತಿಗಳ ಏರ್ಪಾಡಿದೆ.

ಚಿತ್ರಗಳು ಮೂಕವಾದವು, ಶ್ರುತಿಯನ್ನು ಹೇಳಲಾರವು. ಆ ಕಾಲದ ಶ್ರುತಿಯನ್ನು ಕುರಿತು ಒಂದು ಮಾತನ್ನು ಬರೆದಿಟ್ಟವನು, ಮುಂದೆ ಅಮೆರಿಕದ ಅಧ್ಯಕ್ಷನಾದ ಥಾಮಸ್ ಜೆಫರ್ಸನ್. ವರ್ಜೀನಿಯ ಪ್ರಾಂತವನ್ನು ಕುರಿತು ಅವನು 1780ರ ದಶಕದಲ್ಲಿ ಹೊರತಂದ ಗ್ರಂಥದ ಅಡಿಟಿಪ್ಪಣಿಯೊಂದರಲ್ಲಿ, ದಾಸರು ಆಫ್ರಿಕದಿಂದ ತಂದ ಈ ವಾದ್ಯದ ತಂತಿಗಳು ಗಿಟಾರಿನ ಕೆಳಗಣ ನಾಲ್ಕು ತಂತಿಗಳಿಗೆ ಸರಿಯಾಗಿ ಸಮನಾಗಿರುವುವೆಂದು ತಿಳಿಸಿದ್ದಾನೆ. ಆದರೆ ಆ ಕಾಲದಲ್ಲಿ ಗಿಟಾರ್ ಎಂಬ ಹೆಸರಿನ ವಾದ್ಯಗಳು ಒಂದಕ್ಕಿಂತ ಹೆಚ್ಚಾಗಿದ್ದವು. ಅವುಗಳ ಶ್ರುತಿಗಳೂ ಭಿನ್ನವಾಗಿದ್ದವು. ಜೆಫರ್ಸನನು ಸ್ವತಃ ಪಿಟೀಲುವಾದಕ. ಅಂತೆಯೇ ನೂರಾರು ದಾಸರ ಒಡೆಯ. ಅವನ ಅಂಗಳದಲ್ಲಿ ಬ್ಯಾಂಜೊ ನುಡಿಸಿದವರ ಹೆಸರುಗಳಾಗಲಿ ಅವರ ಕೈಬೆರಳು ಹಿಡಿದ ಸ್ವರಗಳಾಗಲಿ ಆ ಅಡಿಟಿಪ್ಪಣಿಯಲ್ಲಿ ಇಲ್ಲ.

ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಬ್ಯಾಂಜೊ ಬಿಳಿಯರ ಕೈ ಸೇರಿತು. ವರ್ಜೀನಿಯದ ಜೋಯಲ್ ವಾಕರ್ ಸ್ವೀನಿ ಎಂಬವನು ಮುಖಕ್ಕೆ ಮಸಿ ಬಳಿದುಕೊಂಡು, ಕರಿಯ ಜನರನ್ನು ಅಣಕಿಸುವ ಆಟಗಳಲ್ಲಿ ಇದನ್ನು ನುಡಿಸಿ ಪ್ರಸಿದ್ಧಿ ಪಡೆದನು. 1843ರಲ್ಲಿ ನ್ಯೂಯಾರ್ಕಿನಲ್ಲಿ ಇಂಥದೇ ಆಟದ ಮೇಳವೊಂದು ಹೊರಟ ಮೇಲೆ ಈ ವಿನೋದವು ದೇಶವನ್ನೆಲ್ಲ ವ್ಯಾಪಿಸಿತು. ಗಿಡ್ಡ ತಂತಿಯನ್ನು ಕಂಡುಹಿಡಿದವನು ಸ್ವೀನಿಯೇ ಎಂಬ ಪ್ರತೀತಿಯು ಬಹುಕಾಲ ನಡೆದುಬಂದಿತು. ಅವನು ಹುಟ್ಟಿದ್ದು 1810ರಲ್ಲಿ. ಗಿಡ್ಡ ತಂತಿಯು ಅದಕ್ಕೆ ಹಿಂದಿನ ಚಿತ್ರದಲ್ಲಿಯೇ ಇರುವುದರಿಂದ ಈ ಪ್ರತೀತಿಯು ನಿಲ್ಲಲಾರದು. ಆ ಕಾಲದಲ್ಲಿ ಹೊಸದಾಗಿ ಸೇರಿದ್ದು ಕೆಳಗಿನ ಮಂದ್ರತಂತಿಯಾಗಿರಬೇಕೆಂದು ವಿದ್ವಾಂಸರು ಊಹಿಸುತ್ತಾರೆ. ಆಫ್ರಿಕದ ಜನರು ತಂದುದನ್ನು ಅವರ ಹೆಸರಿನಿಂದ ತೆಗೆದು ಅಣಕಿಸಿದವನ ಹೆಸರಿಗೆ ಸೇರಿಸಿದ ಈ ಕಥೆಯು, ವಾದ್ಯದ ಚರಿತ್ರೆಯಲ್ಲಿ ಮುಂದೆ ನಡೆದುದಕ್ಕೆ ಮುನ್ಸೂಚನೆಯಂತಿದೆ.

ಬ್ಯಾಂಜೊವಿನ ಶ್ರುತಿಯು ನಿಸ್ಸಂದೇಹವಾಗಿ ಅಚ್ಚಿನಲ್ಲಿ ಕಾಣಿಸಿಕೊಳ್ಳುವುದು 1855ರಲ್ಲಿ ಬಾಸ್ಟನ್ ನಗರದಲ್ಲಿ ಹೊರಟ ಬ್ರಿಗ್ಸ್ ಎಂಬವನ ಪಾಠಪುಸ್ತಕದಲ್ಲಿ. ಅದರಂತೆ ನಾಲ್ಕನೆಯ ತಂತಿಯು ಮಂದ್ರ ಷಡ್ಜ, ಮೂರನೆಯದು ಮಂದ್ರ ಪಂಚಮ, ಎರಡನೆಯದು ಕಾಕಲಿ ನಿಷಾದ, ಮೊದಲನೆಯದು ಮಧ್ಯಸ್ಥಾಯಿಯ ರಿಷಭ, ಹೆಬ್ಬೆರಳಿನ ತಂತಿಯು ಮಧ್ಯಸ್ಥಾಯಿಯ ಪಂಚಮ. ಅಂದು ಇದರ ಷಡ್ಜವನ್ನು ಪಾಶ್ಚಾತ್ಯರ ‘ಜಿ’ ಸ್ವರದಲ್ಲಿ ಇಡುತ್ತಿದ್ದರು. 1858ರ ರೈಸ್ ಎಂಬವನ ಪುಸ್ತಕದಲ್ಲಿ ಅದು ‘ಎ’ಗೆ ಏರಿತು; ಶತಮಾನದ ಕೊನೆಯ ಹೊತ್ತಿಗೆ ‘ಸಿ’ ಸ್ವರವನ್ನು ಮುಟ್ಟಿತು. ಸ್ವರಗಳ ಪರಸ್ಪರ ಸಂಬಂಧ ಮಾತ್ರ ಹಾಗೆಯೇ ನಿಂತಿತು. ಬಡಗಿಗಳೂ ವ್ಯಾಪಾರಿಗಳೂ ಬುರುಡೆಯನ್ನು ಬಿಟ್ಟು ಮರದ ಬಳೆಯನ್ನೂ, ತೊಗಲನ್ನು ಬಿಗಿಯುವ ತಿರುಪುಗಳನ್ನೂ ಬಳಕೆಗೆ ತಂದರು. ಮೆಟ್ಟಿಲುಗಳಿಲ್ಲದೆ ನುಣುಪಾಗಿದ್ದ ದಂಡಿಗೆ 1880ರ ದಶಕದ ಹೊತ್ತಿಗೆ ಮೆಟ್ಟಿಲುಗಳು ಸಾಮಾನ್ಯವಾದವು. ಫಿಲಡೆಲ್ಫಿಯದ ಎಸ್. ಎಸ್. ಸ್ಟೂವರ್ಟನಂಥ ತಯಾರಕರು ಬ್ಯಾಂಜೊವನ್ನು ಸಭ್ಯ ಗೃಹಸ್ಥರ ಕೋಣೆಗೆ ಯೋಗ್ಯವಾದ ವಾದ್ಯವನ್ನಾಗಿ ಮಾಡಲು ಶ್ರಮಿಸಿದರು. ಈ ಶಿಷ್ಟಮಾರ್ಗದಲ್ಲಿ ಶ್ರುತಿಭಿನ್ನತೆಗೆ ಅವಕಾಶ ಕಡಮೆ. ವಿಧಿಸಿದ ಶ್ರುತಿಯ ಜೊತೆಗೆ ಒಂದೇ ಒಂದು ಮಾರ್ಪಾಡು ಹೆಚ್ಚಾಗಿ ಅಂಗೀಕೃತವಾಗಿತ್ತು: ನಾಲ್ಕನೆಯ ತಂತಿಯನ್ನು ಒಂದು ಪೂರ್ಣಸ್ವರದಷ್ಟು ಏರಿಸುವುದು.

ಈ ಚಿಕ್ಕ ಮಾರ್ಪಾಡಿನ ಫಲವನ್ನು ಗಮನಿಸಬೇಕು. ನಾಲ್ಕನೆಯ ತಂತಿಯು ಏರಿದೊಡನೆ ಅಲ್ಲಿದ್ದ ಷಡ್ಜವು ಕಾಣದಾಗಿ, ಮೂರನೆಯ ತಂತಿಯೇ ಷಡ್ಜಸ್ಥಾನವನ್ನು ಪಡೆಯುತ್ತದೆ. ಆಗ ತಂತಿಗಳು ಕೆಳಗಿನಿಂದ ಮಂದ್ರ ಪಂಚಮ, ಷಡ್ಜ, ಅಂತರ ಗಾಂಧಾರ, ಪಂಚಮ ಎಂದಾಗಿ, ಹೆಬ್ಬೆರಳಿನ ತಂತಿಯು ತಾರ ಷಡ್ಜವಾಗುತ್ತದೆ. ನಾಲ್ಕು ತಂತಿಗಳು ಇದ್ದಲ್ಲಿಯೇ ಇದ್ದು ಒಂದು ತಂತಿಯು ಕದಲಿದರೂ ಇಡೀ ವಾದ್ಯದ ಮನೆಮಠ ಬದಲಾಯಿತು. ತೆರೆದ ‘ಜಿ’ ಶ್ರುತಿಯೆಂದು ಹೆಸರಾದುದು ಇದೇ.

ಪಾಠಪುಸ್ತಕಗಳು ತಲುಪದ ಕಡೆ, ಅಪಲೇಶಿಯನ್ ಪರ್ವತಗಳ ಕಣಿವೆಗಳಲ್ಲಿಯೂ ಅದರ ತಪ್ಪಲಿನ ಪ್ರಾಂತಗಳಲ್ಲಿಯೂ, ಬ್ಯಾಂಜೊ ಬೇರೊಂದು ದಾರಿಯನ್ನು ಹಿಡಿಯಿತು. ಅಲ್ಲಿ ಅದು ಪಿಟೀಲಿನ ಜೊತೆಗಾರ, ಒಂಟಿ ಹಾಡುಗಾರನ ಸಂಗಾತಿ. ಕರಿಯರಿಂದ ಬಿಳಿಯರೂ ಬಿಳಿಯರಿಂದ ಕರಿಯರೂ ಹಾಡುಗಳನ್ನು ಕಲಿತರು. ಪಿಟೀಲುಗಾರನು ‘ಡಿ’ ಷಡ್ಜದಲ್ಲಿ ನುಡಿಸತೊಡಗಿದರೆ ಬ್ಯಾಂಜೊಗಾರನು ಒಂದು ಶ್ರುತಿಗೆ ಸರಿಯಬೇಕು. ‘ಎ’ ಷಡ್ಜಕ್ಕೆ ಹೊರಳಿದರೆ ಮತ್ತೊಂದಕ್ಕೆ. ಐದು ಬಿರಡೆಗಳನ್ನು ತಿರುಗಿಸಿ ಕೂಡಿಸಲು ಸಮಯ ಹಿಡಿಯುವುದರಿಂದ, ಒಂದು ಷಡ್ಜದ ಹಾಡುಗಳನ್ನೆಲ್ಲ ಒಟ್ಟಿಗೆ ನುಡಿಸಿ ಮುಗಿಸಿ ಆಮೇಲೆ ಶ್ರುತಿಯನ್ನು ಬದಲಿಸುವ ವಾಡಿಕೆಯು ಇಂದಿಗೂ ಅಂಥ ಗೋಷ್ಠಿಗಳಲ್ಲಿ ಇದೆ. ಅಲ್ಲದೆ ಹಾಡಿನ ಮುಖ್ಯ ಸ್ವರಗಳು ತೆರೆದ ತಂತಿಗಳಲ್ಲಿಯೇ ದೊರೆತರೆ ಎಡಗೈಗೆ ಶ್ರಮ ಕಡಮೆ. ಒತ್ತದ ತಂತಿಗಳು ಜೊತೆಗೂಡಿ ಮೊಳಗುವುದರಿಂದ ಒಬ್ಬನ ವಾದನವೇ ಇಬ್ಬರ ವಾದನದಷ್ಟು ತುಂಬಿ ಕೇಳುತ್ತದೆ. ಮೆಟ್ಟಿಲಿಲ್ಲದ ದಂಡಿಯ ಮೇಲೆ ಎತ್ತರಕ್ಕೆ ಹೋದಷ್ಟೂ ಸ್ವರಶುದ್ಧಿಯು ಕಷ್ಟವಾದುದರಿಂದ, ಕೈಯನ್ನು ಸರಿಸುವುದಕ್ಕಿಂತ ತಂತಿಯನ್ನೇ ಸರಿಸುವುದು ಜಾಣತನವಾಗಿತ್ತು.

ಪುಸ್ತಕದ ಶ್ರುತಿಯಲ್ಲಿ ಎರಡನೆಯ ತಂತಿಯನ್ನು ಅರ್ಧಸ್ವರ ಮಾತ್ರ ಏರಿಸಿದರೆ ನಿಷಾದವು ಷಡ್ಜವಾಗುತ್ತದೆ. ಆಗ ಷಡ್ಜ, ಪಂಚಮ, ಮೇಲಿನ ಷಡ್ಜ, ರಿಷಭ ಎಂಬ ಏರ್ಪಾಡಾಗಿ, ಎರಡು ಷಡ್ಜಗಳಿರುವ ಕಾರಣ ಇದಕ್ಕೆ ಜೋಡಿ ‘ಸಿ’ ಎಂಬ ಹೆಸರು ಬಂದಿದೆ. ಕುಣಿತದ ಚುರುಕು ಗತಿಗಳಿಗೆ ಇದು ಬಹಳ ಒದಗುವುದು. ತೆರೆದ ‘ಜಿ’ ಶ್ರುತಿಯಲ್ಲಿಯೂ ಅದೇ ಎರಡನೆಯ ತಂತಿಯನ್ನು ಅರ್ಧಸ್ವರ ಏರಿಸಿದರೆ ಅಂತರ ಗಾಂಧಾರವಿದ್ದಲ್ಲಿ ಶುದ್ಧ ಮಧ್ಯಮವು ನಿಲ್ಲುತ್ತದೆ. ಮರ ಕೊಯ್ಯುವ ಕಾರ್ಖಾನೆಯ ಹೆಸರಿನಿಂದ ಅದನ್ನು ‘ಸಾಮಿಲ್’ ಶ್ರುತಿಯೆಂದು ಕರೆಯುತ್ತಾರೆ. ಇಲ್ಲಿ ತೆರೆದ ತಂತಿಗಳಲ್ಲಿ ಗಾಂಧಾರವೇ ಇಲ್ಲ. ಪಾಶ್ಚಾತ್ಯ ಸಂಗೀತದಲ್ಲಿ ಹರ್ಷ ವಿಷಾದಗಳ ಭೇದವೆಲ್ಲ ಗಾಂಧಾರದ ಮೇಲೆ ನಿಂತಿದೆ. ಅದನ್ನು ತಂತಿಯಿಂದ ತೆಗೆದುಹಾಕಿದ ಮೇಲೆ ಹಾಡುವವನ ಕಂಠವು ಸಾಧಾರಣ ಗಾಂಧಾರವನ್ನಾಗಲಿ ಅಂತರ ಗಾಂಧಾರವನ್ನಾಗಲಿ ಎರಡರ ನಡುವಣ ಸ್ಥಾನವನ್ನಾಗಲಿ ಯಥೇಚ್ಛವಾಗಿ ಹಿಡಿಯಬಹುದು. ವಾದ್ಯವು ಅದಕ್ಕೆ ಅಡ್ಡಬರುವುದಿಲ್ಲ. ಶಾಸ್ತ್ರವನ್ನು ಓದದ ಬೆಟ್ಟದ ಜನರು ತಮ್ಮ ಕಂಠದ ಸ್ವಾತಂತ್ರ್ಯಕ್ಕೆ ತಕ್ಕಂತೆ ತಂತಿಯನ್ನು ಕೂಡಿಸಿಕೊಂಡ ಬಗೆಯು ಸೋಜಿಗಪಡುವಂಥದು. ಟೆನೆಸಿಯ ಕ್ಲಾರೆನ್ಸ್ ಆ್ಯಶ್ಲಿಯು 1929ರಲ್ಲಿ ಧ್ವನಿಮುದ್ರಿಸಿದ ಕೋಗಿಲೆಯ ಹಾಡು ಈ ಶ್ರುತಿಗೆ ಪ್ರಸಿದ್ಧ ನಿದರ್ಶನ. ಸಿಹಿಜೋಳದ ದಂಟಿನಿಂದ ಕಾಕಂಬಿ ಕಾಯಿಸುವಾಗ ನೆರೆಹೊರೆಯವರು ಸೇರಿ ಹಾಡುತ್ತಿದ್ದ ಕಾರಣ ಅವನು ಇಂಥ ಹಳೆಯ ಹಾಡುಗಳನ್ನು ಆ ಕಾಕಂಬಿಯ ಹೆಸರಿನಿಂದಲೇ ಕರೆಯುತ್ತಿದ್ದನು.

‘ಡಿ’ ಶ್ರುತಿಯಲ್ಲಿ ಷಡ್ಜ, ಗಾಂಧಾರ, ಪಂಚಮ, ಮೇಲಿನ ಷಡ್ಜಗಳು ಸೇರಿ, ಹೆಬ್ಬೆರಳಿನ ತಂತಿಯು ಮೇಲಿನ ಗಾಂಧಾರವನ್ನು ನುಡಿಯುತ್ತದೆ. ಕೆಲವರು ಇದಕ್ಕೆ ಶ್ಮಶಾನದ ಶ್ರುತಿಯೆಂಬ ಹೆಸರನ್ನಿಟ್ಟಿದ್ದರು. ಹೀಗೆ ಮರದ ಕಾರ್ಖಾನೆ, ಶ್ಮಶಾನ, ಯಾವುದೋ ಒಂದು ಹಾಡಿನ ನಾಯಕ ಎಂದು ಶ್ರುತಿಗಳಿಗೆ ಬಂದ ಹೆಸರುಗಳನ್ನು ನೋಡಿದರೆ, ಅವರಿಗೆ ಶ್ರುತಿಯೆಂಬುದು ಸ್ವರಗಳ ಲೆಕ್ಕವಾಗಿರದೆ ಒಂದೊಂದು ಮನೋಭಾವದ ಮನೆಯಾಗಿತ್ತೆಂದು ತೋರುತ್ತದೆ.

ಈ ಮನೆಗಳಲ್ಲೆಲ್ಲ ಅತ್ಯಂತ ಕತ್ತಲೆಯದನ್ನು ಕಟ್ಟಿದವನು ವರ್ಜೀನಿಯದ ನಾರ್ಟನ್ ಊರಿನ ಡಾಕ್ ಬಾಗ್ಸ್. 1898ರಲ್ಲಿ ಹುಟ್ಟಿ, ಎಳೆಯ ವಯಸ್ಸಿನಲ್ಲಿಯೇ ಕಲ್ಲಿದ್ದಲ ಗಣಿಯನ್ನು ಸೇರಿದ ಈತನು, ತನ್ನ ಊರಿನ ಸುತ್ತಮುತ್ತ ಕರಿಯ ವಾದಕರನ್ನು ಕೇಳಿ ಬ್ಯಾಂಜೊವಿನ ಕಡೆಗೆ ತಿರುಗಿದವನು. 1927ರಲ್ಲಿ ಬ್ರನ್ಸ್‌ವಿಕ್ ಸಂಸ್ಥೆಗಾಗಿ ಎಂಟು ಹಾಡುಗಳನ್ನು ಮುದ್ರಿಸಿದನು. ಅವುಗಳಲ್ಲೊಂದಕ್ಕೆ ಆತನು ಕೂಡಿಸಿದ ಶ್ರುತಿಯು ವಿಲಕ್ಷಣವಾದುದು: ನಾಲ್ಕನೆಯ ತಂತಿ ಷಡ್ಜ, ಮೂರನೆಯದು ಮಧ್ಯಮ, ಎರಡನೆಯದು ಪಂಚಮ, ಮೊದಲನೆಯದು ಮೇಲಿನ ಷಡ್ಜ, ಹೆಬ್ಬೆರಳಿನ ತಂತಿಯೊಂದು ಮಾತ್ರ ಗಾಂಧಾರ. ಮಧ್ಯಮವೂ ಗಾಂಧಾರವೂ ಒಂದನ್ನೊಂದು ತೀಡುತ್ತಿರಲು ಅವನ ಕಂಠವು ಇವೆರಡಕ್ಕೂ ಒಗ್ಗದ ದಾರಿಯಲ್ಲಿ ನಡೆಯುತ್ತದೆ. ಇದು ಯಾವ ಪಾಠಪುಸ್ತಕದಲ್ಲಿಯೂ ಇರಲಿಲ್ಲ. ಅವನು ಸಂಪಾದಿಸಿದ ಸ್ವತ್ತು. 1929ರ ತರುವಾಯ ದೇಶಕ್ಕೆ ಒದಗಿದ ಆರ್ಥಿಕ ದುರ್ಭಿಕ್ಷದಲ್ಲಿ ಧ್ವನಿಮುದ್ರಣದ ಆಸೆಯು ಕೈಗೂಡದೆ, ಬ್ಯಾಂಜೊವನ್ನು ದೂರವಿಟ್ಟು ಬಾಗ್ಸನು ಗಣಿಗೆ ಹಿಂದಿರುಗಿದನು. ಮುಂದಿನ ಮೂರು ದಶಕಗಳ ಕಾಲ ಆ ಶ್ರುತಿಯು ಸವೆದ ಕೆಲವು ಮುದ್ರಿಕೆಗಳಲ್ಲಿ, ಒಬ್ಬ ಗಣಿಗಾರನ ಸ್ಮರಣೆಯಲ್ಲಿ ಮಾತ್ರ ಉಳಿದಿತ್ತು.

ಬಾಗ್ಸನಿಗೆ ದೊರೆತ ಈ ಅಲ್ಪಭಾಗ್ಯವೂ ಅವನಿಗೆ ದಾರಿತೋರಿದ ಕರಿಯ ವಾದಕರಿಗೆ ದೊರೆಯಲಿಲ್ಲ. 1920ರ ದಶಕದ ಧ್ವನಿಮುದ್ರಣ ಸಂಸ್ಥೆಗಳು ಕರಿಯರ ಸಂಗೀತವನ್ನೂ ಬೆಟ್ಟದ ಬಿಳಿಯರ ಸಂಗೀತವನ್ನೂ ಬೇರೆ ಬೇರೆ ಪಟ್ಟಿಗಳಲ್ಲಿ ಮಾರಿದವು. ಪಿಟೀಲು ಬ್ಯಾಂಜೊಗಳು ಬಿಳಿಯರ ಪಟ್ಟಿಗೆ ಸಂದವು; ಕರಿಯರಿಂದ ಬಯಸಿದ್ದು ಬ್ಲೂಸ್ ಹಾಡುಗಳನ್ನು. ಗಸ್ ಕ್ಯಾನನ್‌ನಂಥ ಕೆಲವರನ್ನು ಬಿಟ್ಟರೆ ಆ ಪೀಳಿಗೆಯ ಕರಿಯ ಬ್ಯಾಂಜೊಗಾರರ ದನಿಯು ಮುದ್ರಿಕೆಗಳಲ್ಲಿ ವಿರಳವಾಗಿದೆ. ಮಸಿಮುಖದ ಆಟಗಳ ಅವಮಾನವು ಅಂಟಿಕೊಂಡಿದ್ದ ವಾದ್ಯವನ್ನು ಆ ಜನರಲ್ಲಿ ಅನೇಕರು ತಾವಾಗಿಯೇ ಕೈಬಿಟ್ಟು ಗಿಟಾರನ್ನು ಹಿಡಿದರು. ಅವರ ಅಜ್ಜಂದಿರ ಶ್ರುತಿಗಳಲ್ಲಿ ಎಷ್ಟು ಹೀಗೆ ಮಣ್ಣುಗೂಡಿದವೋ ಲೆಕ್ಕವಿಲ್ಲ.

1945ರ ಡಿಸೆಂಬರಿನಲ್ಲಿ ಅರ್ಲ್ ಸ್ಕ್ರಗ್ಸ್ ಎಂಬ ತರುಣನು ಬಿಲ್ ಮನ್ರೋವಿನ ಮೇಳವನ್ನು ಸೇರಿದನು. ಮೂರು ಬೆರಳುಗಳ ಮಿಂಚಿನಂಥ ಅವನ ವಾದನವು ಬ್ಲೂಗ್ರಾಸ್ ಎಂಬ ಪದ್ಧತಿಯ ಜೀವಾಳವಾಯಿತು. ಆ ಪದ್ಧತಿಯೊಡನೆ ತೆರೆದ ‘ಜಿ’ ಶ್ರುತಿಯು ಎಲ್ಲೆಡೆಯೂ ಸಾಮಾನ್ಯ ನಿಯಮವಾಯಿತು. ಷಡ್ಜವನ್ನು ಏರಿಸಬೇಕಾದರೆ ದಂಡಿಗೆ ಹಿಡಿಕೆಯನ್ನು ಬಿಗಿದರಾಯಿತು. ಬಿರಡೆಗಳನ್ನು ಕೆದಕುವ ಅಗತ್ಯ ತಗ್ಗಿತು. ಆದರೂ ವಿಚಿತ್ರವೆಂದರೆ, ಶ್ರುತಿಯನ್ನು ಬದಲಿಸುವ ಕ್ರಿಯೆಯನ್ನೇ ಹಾಡಿನೊಳಕ್ಕೆ ತಂದವನೂ ಸ್ಕ್ರಗ್ಸನೇ. 1951ರಲ್ಲಿ ಮುದ್ರಿಸಿದ ಗತಿಯೊಂದರಲ್ಲಿ ನುಡಿಸುತ್ತಿರುವಾಗಲೇ ಬಿರಡೆಯನ್ನು ತಿರುಗಿಸಿ ಸ್ವರವನ್ನು ಜಾರಿಸಿ ಮರಳಿ ತಂದನು. ಮರುವರ್ಷ ಅದಕ್ಕೆಂದೇ ಮಾಡಿದ ಕೀಲುಗಳನ್ನು ದಂಡಿಯ ತಲೆಯಲ್ಲಿ ಅಳವಡಿಸಿ ನುಡಿಸಿದನು. 1960ರ ದಶಕದಲ್ಲಿ ಬಿಲ್ ಕೀತ್ ಮತ್ತು ಅವನ ಜೊತೆಗಾರನು ಈ ಉಪಕರಣವನ್ನು ಸುಧಾರಿಸಿದರು.

ಶ್ರುತಿಗಳ ಬಹುತ್ವವು ಅಳಿಯದೆ ಉಳಿದುದಕ್ಕೆ ಸಂಗ್ರಹಕಾರರ ಶ್ರಮವು ಕಾರಣವಾಗಿದೆ. ಪೀಟ್ ಸೀಗರ್ 1948ರಲ್ಲಿ ಸೈಕ್ಲೋಸ್ಟೈಲ್ ಮಾಡಿಸಿ ಹೊರತಂದ ಬ್ಯಾಂಜೊ ಕೈಪಿಡಿಯು ನಗರದ ಯುವಕರಿಗೆ ಈ ವಾದ್ಯವನ್ನು ಪರಿಚಯಿಸಿತು. ತನ್ನ ಕಂಠಕ್ಕೆ ಅನುಕೂಲವಾಗಲೆಂದು ದಂಡಿಯನ್ನು ಮೂರು ಮೆಟ್ಟಿಲಷ್ಟು ಉದ್ದಮಾಡಿಸಿದವನೂ ಆತನೇ. 1952ರಲ್ಲಿ ಹ್ಯಾರಿ ಸ್ಮಿತ್ ಸಂಕಲಿಸಿದ ಹಳೆಯ ಮುದ್ರಿಕೆಗಳ ಮಾಲೆಯಲ್ಲಿ ಆ್ಯಶ್ಲಿಯೂ ಬಾಗ್ಸನೂ ಮತ್ತೆ ಕೇಳಿಬಂದರು. ಮುದ್ರಿಕೆಯನ್ನು ಕೇಳಿ ಶ್ರುತಿಯನ್ನು ಊಹಿಸಲು ಹೆಣಗಿದ ಯುವಕರಲ್ಲಿ ಒಬ್ಬನಾದ ಮೈಕ್ ಸೀಗರ್ 1963ರಲ್ಲಿ ನಾರ್ಟನ್ ಊರಿಗೆ ಹೋಗಿ ಬಾಗ್ಸನನ್ನು ಕಂಡನು. ಗಣಿಕೆಲಸದಿಂದ ನಿವೃತ್ತನಾಗಿದ್ದ ಮುದುಕನು ಬ್ಯಾಂಜೊವನ್ನು ಮತ್ತೆ ಕೈಗೆ ತೆಗೆದುಕೊಂಡಿದ್ದನು. ಅದೇ ವರ್ಷ ನ್ಯೂಪೋರ್ಟಿನ ಉತ್ಸವದಲ್ಲಿ ಸಾವಿರಾರು ಜನರ ಮುಂದೆ ನುಡಿಸಿದನು. 1971ರಲ್ಲಿ ತೀರಿಕೊಳ್ಳುವ ಮೊದಲು ಅವನ ಶ್ರುತಿಗಳು ಹೆಸರು ವಿವರಗಳ ಸಮೇತ ದಾಖಲೆಯನ್ನು ಸೇರಿದವು. 1968ರಲ್ಲಿ ಆರ್ಟ್ ರೋಸೆನ್‌ಬಾಮನ ಪುಸ್ತಕವು ಬೆಟ್ಟದ ಅನೇಕ ಶ್ರುತಿಕ್ರಮಗಳನ್ನು ಕಲಿಯುವವರ ಮುಂದಿಟ್ಟಿತು.

ಕರಿಯ ಜನರಲ್ಲಿಯೂ ತಂತುವು ಪೂರ್ತಿ ಹರಿದಿರಲಿಲ್ಲ. ಉತ್ತರ ಕೆರೊಲಿನದ ಡಿಂಕ್ ರಾಬರ್ಟ್ಸ್, ಜಾನ್ ಸ್ನೈಪ್ಸ್ ಮೊದಲಾದ ವೃದ್ಧ ವಾದಕರ ವಿಷಯವಾಗಿ ಸೀಸಿ ಕಾನ್ವೆ ಎಂಬ ವಿದುಷಿಯು ಅಧ್ಯಯನ ಮಾಡಿ 1995ರಲ್ಲಿ ಗ್ರಂಥವನ್ನು ಪ್ರಕಟಿಸಿದಳು. 2005ರಲ್ಲಿ ಅದೇ ಪ್ರಾಂತದ ಬೂನ್ ಊರಿನಲ್ಲಿ ಕರಿಯ ಬ್ಯಾಂಜೊವಾದಕರ ಸಮ್ಮೇಳನವೊಂದು ನೆರೆಯಿತು. ಅಲ್ಲಿ ಕಲೆತ ತರುಣರು ಜೋ ಥಾಮ್ಸನ್ ಎಂಬ ಎಂಬತ್ತು ದಾಟಿದ ಕರಿಯ ಪಿಟೀಲುಗಾರನ ಮನೆಗೆ ಹೋಗಿ ಪಾಠ ಕಲಿತು, ಕೆರೊಲಿನ ಚಾಕೊಲೇಟ್ ಡ್ರಾಪ್ಸ್ ಎಂಬ ಮೇಳವನ್ನು ಕಟ್ಟಿದರು. ಅವರಲ್ಲೊಬ್ಬಳಾದ ರಿಯಾನನ್ ಗಿಡೆನ್ಸಳು ಹತ್ತೊಂಬತ್ತನೆಯ ಶತಮಾನದ ಮಾದರಿಯ, ಮೆಟ್ಟಿಲುಗಳಿಲ್ಲದ ಬ್ಯಾಂಜೊವನ್ನು ಹಳೆಯ ಇಳಿಶ್ರುತಿಗೆ ಕೂಡಿಸಿ ಸಭೆಗಳಲ್ಲಿ ನುಡಿಸುತ್ತ ಬಂದಿದ್ದಾಳೆ.

ಒಂದು ತಂತಿಯನ್ನು ಅರ್ಧಸ್ವರ ಏರಿಸುವುದು ಅಥವಾ ಇಳಿಸುವುದು ಕ್ಷಣಮಾತ್ರದ ಕೆಲಸ. ಅದನ್ನು ಎಲ್ಲಿ ನಿಲ್ಲಿಸಬೇಕೆಂಬ ಅರಿವಿನ ಹಿಂದೆ ಮಾತ್ರ ದಾಸರ ಕೇರಿಯ ಕುಣಿತವೂ ಕಾಕಂಬಿಯ ಒಲೆಯೂ ಗಣಿಯ ಕತ್ತಲೆಯೂ ಇವೆ. ಬರೆದಿಟ್ಟವರಿದ್ದಲ್ಲಿ ಆ ಅರಿವು ಉಳಿಯಿತು. ಕೇಳುವವರೇ ಇಲ್ಲದಲ್ಲಿ ಬಿರಡೆಯೊಡನೆ ಸಡಿಲಿತು. ಜೆಫರ್ಸನನ ಅಂಗಳದಲ್ಲಿ ನುಡಿದ ನಾಲ್ಕು ತಂತಿಗಳ ನಿಜವಾದ ಶ್ರುತಿಯನ್ನು ಇನ್ನು ಯಾವ ವಿದ್ವಾಂಸನೂ ಮರಳಿ ಕೇಳಲಾರನು. ನಾರ್ಟನ್ನಿನ ಗಣಿಗಾರನ ಶ್ರುತಿಯನ್ನಾದರೋ ಇಂದು ಬೇಕಾದವರು ತಮ್ಮ ಮನೆಯಲ್ಲಿಯೇ ಕೂಡಿಸಿ ಕೇಳಬಹುದು. ಅದಕ್ಕೆ ತಿರುಗಿಸಬೇಕಾದುದು ಎರಡೇ ಬಿರಡೆಗಳನ್ನು.